ಕೈಯಿಂದ ಕೈಗೆ ಹೋಗುವ ಚಿತ್ರ



ಡ್ರಾಯಿಂಗ್ ಮೇಷ್ಟರೊಬ್ಬರ ನೆನಪಿನಲ್ಲಿ ನಡೆದುಬಂದಿರುವ ಉಪನ್ಯಾಸ ಇದು. ಅನಿಮೇಶನ್ ಬಗ್ಗೆ ಮಾತನಾಡುತ್ತೇನೆ ಎಂದಾಗ ಸಂಘಟಕರು, "ಕಂಪ್ಯೂಟರ್ ವಿಷಯ ಜಾಸ್ತಿ ಆಗುವುದಿಲ್ಲ ತಾನೆ ಸಾರ್?" ಎಂದು ಮೆಲ್ಲಗೆ ಕೇಳಿದರು. ಸ್ವಲ್ಪ ಆಗುತ್ತದೆ. ಆದರೆ ಆ ಮೇಷ್ಟರು ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವಾಗ ಕಲಿಸಿದ ವಸ್ತುಚಿತ್ರ, ಸ್ಮರಣಚಿತ್ರಗಳಿಂದ ನಾವು ಬಹಳ ದೂರವೇನೂ ಹೋಗುವುದಿಲ್ಲ.

ಇವತ್ತು ಮುಖ್ಯವಾಗಿ ಮೂರು ಕೆಲಸಗಳನ್ನು ನೋಡೋಣ: ಅನಿಮೇಟರ್ ಮಾಡುವ ಸ್ಕೆಚ್, ಪಾತ್ರ ವಿನ್ಯಾಸ, ಡಿಜಿಟಲ್ ಮಾಡೆಲಿಂಗ್. ಆಮೇಲೆ ಈ ಮೂರರ ನಡುವಿನ ಒಂದು ಹಳೆಯ ತಕರಾರನ್ನು ಎತ್ತಿಕೊಂಡು, ಕೊನೆಗೆ ನಮ್ಮ ಊರಿನ ಸ್ಥಿತಿಗೆ ಬರುತ್ತೇನೆ. ಯಾವ ಸಾಫ್ಟ್‌ವೇರಿನಲ್ಲಿ ಯಾವ ಗುಂಡಿ ಒತ್ತಬೇಕೆಂಬುದನ್ನು ಹೇಳುವುದಿಲ್ಲ; ಅದು ಮುಂದಿನ ವರ್ಷ ಬದಲಾಗುತ್ತದೆ. ನಾನು ಹೇಳಬೇಕಾದದ್ದು ಒಂದೇ. ಚಿತ್ರಕಾರ ತನ್ನ ಚಿತ್ರವನ್ನು ತಾನೇ ಮುಗಿಸಿ ರುಜು ಹಾಕುತ್ತಾನೆ. ಅನಿಮೇಟರ್‌ಗೆ ಆ ಭಾಗ್ಯವಿಲ್ಲ. ಅವನು ಬರೆದದ್ದನ್ನು ಇನ್ನೊಬ್ಬ ಮುಂದುವರಿಸಬೇಕು, ಮತ್ತೊಬ್ಬ ತಿರುಗಿಸಬೇಕು, ಮಗದೊಬ್ಬ ನಡೆಸಬೇಕು. ಈ ಕಲೆಯ ಒಳ್ಳೆಯದು, ಕೆಟ್ಟದ್ದು ಎರಡೂ ಇಲ್ಲಿಂದಲೇ ಹುಟ್ಟುತ್ತವೆ.

ಸ್ಕೆಚ್‌ನಿಂದ ಶುರು ಮಾಡೋಣ. 1914ರಲ್ಲಿ ಅಮೆರಿಕದ ವಿನ್ಸರ್ ಮೆಕೇ 'ಗರ್ಟಿ ದ ಡೈನೊಸಾರ್' ಎಂಬ ಕಿರುಚಿತ್ರ ಮಾಡಿದರು. ವೇದಿಕೆಯ ಮೇಲೆ ಮೆಕೇ ಚಾಟಿ ಹಿಡಿದು ನಿಲ್ಲುತ್ತಿದ್ದರು; ಹಿಂದಿನ ಪರದೆಯಲ್ಲಿದ್ದ ಗರ್ಟಿ ಹೇಳಿದ ಮಾತು ಕೇಳಿ ಕಾಲೆತ್ತುತ್ತಿತ್ತು, ಬೈದರೆ ಅಳುತ್ತಿತ್ತು. ಪಾರದರ್ಶಕ ಸೆಲ್ ಹಾಳೆ ಇನ್ನೂ ಬಳಕೆಗೆ ಬಂದಿರಲಿಲ್ಲ. ಆದ್ದರಿಂದ ಗರ್ಟಿ ಕತ್ತು ಒಂದಿಷ್ಟು ಅಲುಗಿಸಿದರೂ ಹಿಂದಿನ ಬೆಟ್ಟ, ಬಂಡೆ, ಮರಗಳನ್ನೆಲ್ಲ ಹೊಸ ಹಾಳೆಯಲ್ಲಿ ಮತ್ತೆ ಬರೆಯಬೇಕಿತ್ತು. ಹಾಳೆಗಳು ಸಾವಿರಗಟ್ಟಲೆ. ಗರ್ಟಿಯನ್ನು ಮೆಕೇ ಬರೆದರು; ಹಿನ್ನೆಲೆಯನ್ನು ಜಾನ್ ಫಿಟ್ಸಿಮನ್ಸ್ ಎಂಬ ತರುಣ ಹಾಳೆಯಿಂದ ಹಾಳೆಗೆ ಇಳಿಸಿದ. ಒಬ್ಬನೇ ಮಾಡಿದ್ದು ಎಂದು ನಾವು ಕೊಂಡಾಡುವ ಈ ಚಿತ್ರದಲ್ಲೂ ಎರಡು ಕೈಗಳಿದ್ದವು.

ನೋಡಿ ಬರೆಯಲು ಡೈನೊಸಾರ್ ಎಲ್ಲಿಂದ ಬರಬೇಕು? ಗರ್ಟಿ ಉಸಿರಾಡುವ ದೃಶ್ಯಕ್ಕೆ ಮೆಕೇ ತಮ್ಮ ಉಸಿರಿನ ವೇಳೆಯನ್ನೇ ಅಳೆದುಕೊಂಡರಂತೆ. ಈ ಸಣ್ಣ ಸಂಗತಿ ನನಗೆ ಬಹಳ ಮುಖ್ಯ. ಆಕಾರವನ್ನು ಅಸ್ಥಿಪಂಜರ ನೋಡಿ ಊಹಿಸಬಹುದು. ಭಾರ ಎಲ್ಲಿದೆ, ಒಂದು ಚಲನೆಗೆ ಎಷ್ಟು ಹೊತ್ತು ಬೇಕು ಎಂಬುದನ್ನು ಮಾತ್ರ ಬದುಕಿರುವ ದೇಹದಿಂದಲೇ ಪಡೆಯಬೇಕು. ಅನಿಮೇಟರ್‌ನ ಸ್ಕೆಚ್ ಪುಸ್ತಕ ತೆರೆದರೆ ಅಂದವಾದ ಚಿತ್ರ ಸಿಗುವುದು ಕಡಿಮೆ. ಬಸ್ಸಿನ ಮೆಟ್ಟಿಲೇರುವ ಮುದುಕಿಯ ಸೊಂಟ ಎತ್ತ ವಾಲಿತು, ಗ್ಯಾಸ್ ಸಿಲಿಂಡರ್ ಹೊತ್ತವನ ಇನ್ನೊಂದು ಕೈ ಯಾಕೆ ಅಷ್ಟು ದೂರ ಚಾಚಿದೆ ಎಂಬಂಥ ಹತ್ತು ಸೆಕೆಂಡಿನ ಗೀಚುಗಳೇ ತುಂಬಿರುತ್ತವೆ. ಮುಖಕ್ಕೆ ಕಣ್ಣು, ಮೂಗು ಕೂಡ ಇರುವುದಿಲ್ಲ.

1932ರಲ್ಲಿ ಡಿಸ್ನಿ ಸ್ಟುಡಿಯೊ ತನ್ನ ಕಲಾವಿದರಿಗೆ ಸಂಜೆ ತರಗತಿ ಶುರುಮಾಡಿತು. ಲಾಸ್ ಏಂಜಲಿಸ್‌ನ ಶುಯ್ನಾರ್ಡ್ ಕಲಾಶಾಲೆಯ ಡಾನ್ ಗ್ರಹಾಂ ಅಲ್ಲಿ ಮೇಷ್ಟರಾದರು. ಆಗಲೇ ಸಂಬಳ ತೆಗೆದುಕೊಳ್ಳುತ್ತಿದ್ದ, ಮಿಕ್ಕಿ ಮೌಸ್ ಬರೆದು ಪಳಗಿದ್ದ ಕಲಾವಿದರು ಮತ್ತೆ ಮಾಡೆಲ್ ಎದುರು ಕೂತು ಮನುಷ್ಯದೇಹ ಬರೆಯಲು ಕಲಿತರು. 1937ರ 'ಸ್ನೋ ವೈಟ್' ಅದರ ಫಲ. ಮುಂದೆ 'ಬ್ಯಾಂಬಿ' ಚಿತ್ರಕ್ಕಾಗಿ ಮೇಯ್ನ್ ರಾಜ್ಯದಿಂದ ಎರಡು ಜಿಂಕೆಮರಿಗಳನ್ನು ಸ್ಟುಡಿಯೊಗೇ ತರಿಸಿದರು. ಅದೂ ಸಾಲದೆ, ಚಿತ್ರಕಾರ ರಿಕೊ ಲೆಬ್ರುನ್ ಸತ್ತ ಜಿಂಕೆಮರಿಯೊಂದನ್ನು ತರಗತಿಗೆ ತಂದು, ಮೊದಲು ಚರ್ಮ, ಆಮೇಲೆ ಸ್ನಾಯು, ಆಮೇಲೆ ಮೂಳೆ ಎಂದು ಸಂಜೆ ಸಂಜೆ ಒಂದೊಂದೇ ಪದರ ಬಿಡಿಸಿ ತೋರಿಸಿದರು. ದಿನ ಕಳೆದಂತೆ ವಾಸನೆ ತಾಳಲಾರದೆ ಹಿಂದಿನ ಸಾಲಿಗೆ ಸರಿದವರ ಕಥೆಯೂ ಇದೆ.

ಇಷ್ಟೆಲ್ಲ ಮಾಡಿ 1942ರಲ್ಲಿ ತೆರೆಗೆ ಬಂದ ಬ್ಯಾಂಬಿ ನಿಜವಾದ ಜಿಂಕೆಯ ಹಾಗಿದೆಯೆ? ಕಾಲು, ಬೆನ್ನು, ನೆಗೆತ ಜಿಂಕೆಯವು; ಮುಖದ ಭಾವವನ್ನು ಮಾರ್ಕ್ ಡೇವಿಸ್ ಮನುಷ್ಯರ ಹಸುಗೂಸಿನಿಂದ ತಂದರು. ಜಿಂಕೆಯ ಕಣ್ಣುಗಳು ತಲೆಯ ಎರಡು ಪಕ್ಕಕ್ಕೆ ಇರುತ್ತವೆ. ಅದರ ಮುಖದಲ್ಲಿ ನಮಗೆ ಅರ್ಥವಾಗುವ ಭಾವ ತೀರ ಕಡಿಮೆ. ಎಲ್ಲಿ ನಿಜಕ್ಕೆ ಅಂಟಿಕೊಳ್ಳಬೇಕು, ಎಲ್ಲಿ ಬಿಡಬೇಕು ಎಂಬ ಆಯ್ಕೆ ಮೂಳೆಯವರೆಗೆ ನೋಡಿದವರಿಗೆ ಮಾತ್ರ ಸಾಧ್ಯವಾಯಿತು.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ದಾರಿಯಲ್ಲೂ ಜಿಂಕೆಗಳಿವೆ. ಮಿಷನರಿ ಕುಟುಂಬದಲ್ಲಿ ಭಾರತದಲ್ಲೇ ಹುಟ್ಟಿ, ಡಿಸ್ನಿಯಲ್ಲಿ 'ಬ್ಯಾಂಬಿ' ಮೊದಲಾದ ಚಿತ್ರಗಳಿಗೆ ದುಡಿದ ಕ್ಲೇರ್ ವೀಕ್ಸ್ 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಜನ್‌ಗೆ ತರಬೇತಿ ಕೊಡಲು ಬಂದರು. ಆ ಘಟಕದಿಂದ 1957ರಲ್ಲಿ ಹೊರಬಂದ ಚಿತ್ರ 'ದ ಬನಿಯನ್ ಡೀರ್', ಜಾತಕದ ಜಿಂಕೆಯ ಕಥೆ. ಮುಂದೆ ಭಾರತೀಯ ಅನಿಮೇಶನ್ನಿನ ಹಿರಿಯರೆನಿಸಿದ ರಾಮ್ ಮೋಹನ್ ಪಳಗಿದ್ದೂ ಅಲ್ಲೇ.

ಇನ್ನು ಎರಡನೆಯ ವಿಷಯ, ಪಾತ್ರ ವಿನ್ಯಾಸ. ಸ್ಕೆಚ್ ಪುಸ್ತಕದ ನೂರು ಮುದುಕಿಯರಿಂದ ಒಬ್ಬಳನ್ನು ಹೊರತೆಗೆಯುವ ಕೆಲಸ ಇದು. ಕೊನೆಗೆ ಕೈಗೆ ಬರುವುದು ಮಾಡೆಲ್ ಶೀಟ್ ಎಂಬ ಹಾಳೆ. ಅದರಲ್ಲಿ ಪಾತ್ರ ಮುಂದಿನಿಂದ, ಮುಕ್ಕಾಲು ಓರೆಯಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತದೆ, ತಲೆಯ ಎಷ್ಟರಷ್ಟು ಎತ್ತರ, ಕೋಪ ಬಂದರೆ ಹುಬ್ಬು ಎಲ್ಲಿಗೆ ಹೋಗುತ್ತದೆ, ಕೈ ಹೇಗೆ ಮಡಚುತ್ತದೆ ಎಂಬ ವಿವರ ಇರುತ್ತದೆ. ಬೇರೆ ಬೇರೆ ಮೇಜಿನಲ್ಲಿ, ಎಷ್ಟೋ ಸಲ ಬೇರೆ ದೇಶದಲ್ಲಿ ಕೂತಿರುವ ಐವತ್ತು ಜನ ಇದನ್ನು ನೋಡಿ ಬರೆದರೂ ಪಾತ್ರ ಒಂದೇ ಆಗಿ ಉಳಿಯಬೇಕು.

ಹಾಗಾಗಿ ಇಲ್ಲಿ ತೆಗೆದುಹಾಕುವುದೇ ದೊಡ್ಡ ಕೆಲಸ. ಮಿಕ್ಕಿಗೆ ಕೈಯಲ್ಲಿ ನಾಲ್ಕೇ ಬೆರಳು. ಒಂದು ಬೆರಳು ಬಿಟ್ಟರೆ ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಎಷ್ಟು ಗೆರೆ ಉಳಿಯುತ್ತದೆ, ಲೆಕ್ಕ ಹಾಕಿ. ಜೊತೆಗೆ, ಅಷ್ಟು ಪುಟ್ಟ ಕೈಗೆ ಐದು ಬೆರಳು ತುರುಕಿದರೆ ನೋಡಲೂ ಚೆನ್ನಾಗಿರುವುದಿಲ್ಲ. ಕಾಸು ಉಳಿಸುವುದೂ ಅಂದ ಹೆಚ್ಚಿಸುವುದೂ ಒಂದೇ ಗೆರೆಯಲ್ಲಿ ಆಗುವುದು ಈ ಕಸುಬಿನಲ್ಲಿ ಅಪರೂಪವಲ್ಲ.

ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅನಿಮೇಟರ್ ಆಗಿರಲಿಲ್ಲ. ಆದರೂ ಪಾತ್ರ ವಿನ್ಯಾಸದ ಪಾಠಕ್ಕೆ ಅವರ ಶ್ರೀಸಾಮಾನ್ಯನಿಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಮೊದಮೊದಲು ಅವರು ದೇಶದ ಜನರನ್ನು ತೋರಿಸಲು ಬೇರೆ ಬೇರೆ ಪ್ರಾಂತ್ಯದವರ ಗುಂಪನ್ನೇ ಬರೆಯುತ್ತಿದ್ದರು. ದಿನಪತ್ರಿಕೆಯ ಗಡುವು ಹಿಂದೆ ಬಿದ್ದಿತ್ತು. ಗುಂಪಿನಿಂದ ಒಬ್ಬೊಬ್ಬರೇ ಬಿಟ್ಟುಹೋಗಿ ಕೊನೆಗೆ ಉಳಿದವನು ಚೌಕುಳಿ ಕೋಟು, ಪಂಚೆ, ದಪ್ಪ ಮೂಗು, ತಲೆಯ ಹಿಂದೆ ನಾಲ್ಕು ಕೂದಲಿನ ಆ ಒಬ್ಬ. ಅವನು ಮಾತೂ ಆಡುವುದಿಲ್ಲ. ಅವನನ್ನು ಪೂರ್ತಿ ಕಪ್ಪು ಬಳಿದು ಬರಿಯ ನೆರಳಾಗಿಸಿದರೂ ನೀವು ಗುರುತು ಹಿಡಿಯುತ್ತೀರಿ. ಇದು ಸ್ಟುಡಿಯೊಗಳಲ್ಲಿ ಇಂದಿಗೂ ಮಾಡುವ ಮೊದಲ ಪರೀಕ್ಷೆ. 1954ರಲ್ಲಿ ಏಷ್ಯನ್ ಪೇಂಟ್ಸ್‌ಗಾಗಿ ಅವರೇ ಬರೆದ ಗಟ್ಟು ಎಂಬ ಹುಡುಗನೂ ಅಷ್ಟೆ: ಕಣ್ಣಿನ ಮೇಲೆ ಬಿದ್ದ ಕೂದಲು, ಕೈಯಲ್ಲಿ ಬಣ್ಣದ ಬ್ರಷ್ಷು, ಮುಗಿಯಿತು.

ನೆರಳಿನ ಮಾತು ಬಂದದ್ದರಿಂದ ತೊಗಲುಗೊಂಬೆಯನ್ನು ಬಿಡುವ ಹಾಗಿಲ್ಲ. 2025ರಲ್ಲಿ ಕೊಪ್ಪಳ ಜಿಲ್ಲೆಯ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳು ಅವರ ವಯಸ್ಸಿನ ಬಗ್ಗೆ ಬರೆದಷ್ಟು ಅವರ ಗೊಂಬೆಗಳ ಬಗ್ಗೆ ಬರೆಯಲಿಲ್ಲ. ನಮ್ಮ ತೊಗಲುಗೊಂಬೆಯಲ್ಲಿ ಪಾತ್ರದ ಸ್ಥಾನಮಾನಕ್ಕೆ ತಕ್ಕಂತೆ ಗೊಂಬೆಯ ಗಾತ್ರ; ರಾಜನೂ ದೇವರೂ ದೊಡ್ಡವರು, ಆಳುಕಾಳು ಚಿಕ್ಕವರು. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಪೂರ್ತಿ ಕಾಣುವಂತೆ ಕೊರೆದಿರುತ್ತಾರೆ. ಹಾಸ್ಯಪಾತ್ರಗಳಾದ ಕಿಳ್ಳೇಕ್ಯಾತ, ಬಂಗಾರಕ್ಕ ಪರದೆಗೆ ಬಂದ ಕೂಡಲೇ ಬಾಯಿ ತೆರೆಯುವ ಮೊದಲೇ ಜನ ನಗುತ್ತಾರೆ. ಗೊಂಬೆಯನ್ನು ಕೊರೆದ ಕೈ ಒಂದು, ಎರಡು ತಲೆಮಾರಿನ ಮೇಲೆ ಅದನ್ನು ಆಡಿಸುವ ಕೈ ಇನ್ನೊಂದು. ಮಾಡೆಲ್ ಶೀಟ್ ಮಾಡುವ ಕೆಲಸವನ್ನು ಅಲ್ಲಿ ಚರ್ಮವೇ ಮಾಡಿದೆ.

ಇಲ್ಲೊಂದು ಕಿರಿಕಿರಿಯನ್ನು ಹೇಳಿ ಮುಂದೆ ಹೋಗುತ್ತೇನೆ. ದುಂಡಾಗಿದ್ದರೆ ಒಳ್ಳೆಯವ, ಚೌಕವಾಗಿದ್ದರೆ ಹಟಮಾರಿ, ಮೊನಚಾಗಿದ್ದರೆ ಕೇಡಿಗ ಎಂಬ ಸೂತ್ರವನ್ನು ವಿದ್ಯಾರ್ಥಿಗಳು ಎಲ್ಲೆಡೆ ಬಾಯಿಪಾಠ ಮಾಡಿಕೊಂಡಿದ್ದಾರೆ. ಪಿಕ್ಸರ್‌ನ 2009ರ 'ಅಪ್' ಚಿತ್ರದಲ್ಲಿ ಮುದುಕ ಕಾರ್ಲ್ ಚೌಕ, ಹೆಂಡತಿ ಎಲೀ ದುಂಡು ಎಂಬುದು ನಿಜ; ಅವರವರ ಕುರ್ಚಿಗಳೂ ಹಾಗೆಯೇ ಇವೆ. ಆದರೆ ಅಲ್ಲಿ ಚೌಕ ಕೆಲಸ ಮಾಡುವುದು ಪಕ್ಕದಲ್ಲಿ ದುಂಡು ಇತ್ತು, ಈಗ ಆ ಕುರ್ಚಿ ಖಾಲಿಯಾಗಿದೆ ಎಂಬುದರಿಂದ. ಕಥೆ ಬಿಟ್ಟು ಆಕಾರವನ್ನು ಮಾತ್ರ ಎತ್ತಿಕೊಂಡರೆ ಪಾತ್ರಗಳು ಎಲ್ಲ ಪೋರ್ಟ್‌ಫೋಲಿಯೊಗಳಲ್ಲೂ ಒಂದೇ ತರ ಕಾಣುತ್ತವೆ. ಕಾಣುತ್ತಲೂ ಇವೆ.

ಈಗ ಮೂರನೆಯದಕ್ಕೆ, ಮಾಡೆಲಿಂಗ್‌ಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಕಾಗದದ ಪಾತ್ರವನ್ನು ಮೂರು ಆಯಾಮಕ್ಕೆ ತರುವುದು ಕಂಪ್ಯೂಟರ್ ತಂದ ಹೊಸ ಆಸೆಯೇನಲ್ಲ. 'ಪಿನೋಕಿಯೊ' ಕಾಲಕ್ಕೇ ಡಿಸ್ನಿಯಲ್ಲಿ ಜೋ ಗ್ರ್ಯಾಂಟ್ ನೇತೃತ್ವದ ವಿಭಾಗವೊಂದು ಪಾತ್ರಗಳ ಪುಟ್ಟ ಮೂರ್ತಿಗಳನ್ನು ಮಾಡಿ ಅನಿಮೇಟರ್‌ಗಳ ಮೇಜಿಗೆ ಕೊಡುತ್ತಿತ್ತು. ಮೂರ್ತಿಯನ್ನು ತಿರುಗಿಸಿದರೆ ಕಾಗದ ಮುಚ್ಚಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು.

ಕಂಪ್ಯೂಟರಿನ ಕಥೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಶುರುವಾಗುತ್ತದೆ, ಅದೂ ಪೆನ್ನಿನಿಂದಲೇ. 1971ರಲ್ಲಿ ಹೆನ್ರಿ ಗೂರೊ ತಮ್ಮ ಹೆಂಡತಿಯ ಮುಖದ ಮೇಲೆ ಗೆರೆಗಳನ್ನು ಎಳೆದು, ಅವು ಕೂಡುವ ಬಿಂದುಗಳನ್ನು ಅಳೆದು ಯಂತ್ರಕ್ಕೆ ತುಂಬಿದರು. ಮರುವರ್ಷ ಎಡ್ ಕ್ಯಾಟ್ಮಲ್ ತಮ್ಮ ಎಡಗೈಯ ಪ್ಲಾಸ್ಟರ್ ಅಚ್ಚು ತೆಗೆದು ಅದರ ಮೇಲೆ ಬಹುಭುಜಗಳನ್ನು ಬರೆದರು. ಫ್ರೆಡ್ ಪಾರ್ಕ್ ಜೊತೆ ಸೇರಿ ಆ ಕೈ ಮಡಚಿ ಬಿಚ್ಚುವ ಪುಟ್ಟ ಚಿತ್ರ ಮಾಡಿದರು. 1975ರಲ್ಲಿ ಮಾರ್ಟಿನ್ ನ್ಯೂವೆಲ್ ಮನೆಯ ಚಹಾ ಕುಂಡಿಕೆಯನ್ನು ಗ್ರಾಫ್ ಹಾಳೆಯಲ್ಲಿ ಬರೆದು ಬಿಂದುಗಳನ್ನು ದಾಖಲಿಸಿದರು. ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಅತಿ ಪ್ರಸಿದ್ಧ ವಸ್ತು ಅದು. ಅದರ ಮೂಲ ದತ್ತಾಂಶದಲ್ಲಿ ಕುಂಡಿಕೆಗೆ ತಳವೇ ಇರಲಿಲ್ಲ! ಮೇಜಿನ ಮೇಲೆ ಕೂತ ಪಾತ್ರೆಗೆ ತಳ ಯಾರಿಗೆ ಕಾಣಬೇಕು? ಚಿತ್ರಕಾರನಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಮಾಡೆಲರ್‌ಗೆ ಹುಟ್ಟುತ್ತದೆ.

ಮಾಡೆಲರ್ ಕೇಳುವ ಪ್ರಶ್ನೆಗಳೇ ಅಂಥವು. ಕಂಕುಳು ಹೇಗಿದೆ? ಕಿವಿಯ ಹಿಂದೆ ಜಡೆ ಎಲ್ಲಿಂದ ಹೊರಡುತ್ತದೆ? ಬಾಯಿ ತೆರೆದರೆ ಒಳಗೆ ಎಷ್ಟು ಹಲ್ಲು? ಸೆರಗು ಹೆಗಲಿಗೆ ಅಂಟಿದೆಯೊ, ಜಾರುತ್ತದೊ? ಡಿಸೈನರ್ ಬಳಿ ಇದಕ್ಕೆಲ್ಲ ಉತ್ತರ ಇರುವುದಿಲ್ಲ, ಶೀಟ್ ವಾಪಸ್ಸು ಹೋಗುತ್ತದೆ. ಈ ಓಡಾಟವನ್ನು ಕಿರುಕುಳವೆಂದು ತಿಳಿಯುವ ಸ್ಟುಡಿಯೊಗಳಿವೆ. ನನ್ನ ಮಟ್ಟಿಗೆ ಪಾತ್ರ ಪೂರ್ತಿಯಾಗಿ ಹುಟ್ಟುವುದು ಈ ಓಡಾಟದಲ್ಲಿ.

ತೆರೆಯ ಮೇಲೆ ಪಾತ್ರ ಒಂದು ಬಲೆ, ಅಂದರೆ ಮೆಶ್. ಬಿಂದುಗಳು, ಅವನ್ನು ಸೇರಿಸುವ ಗೆರೆಗಳು, ಗೆರೆಗಳ ನಡುವೆ ನಾಲ್ಕು ಮೂಲೆಯ ಪುಟ್ಟ ತಟ್ಟೆಗಳು. ಇವುಗಳ ಸಂಖ್ಯೆಗಿಂತ ಅವು ಹರಿಯುವ ದಿಕ್ಕು ಮುಖ್ಯ. ಕಣ್ಣಿನ ಸುತ್ತ, ಬಾಯಿಯ ಸುತ್ತ ಗೆರೆಗಳು ಉಂಗುರವಾಗಿ ಸುತ್ತಬೇಕು, ಯಾಕೆಂದರೆ ಅಲ್ಲಿನ ಸ್ನಾಯುಗಳೂ ಹಾಗೇ ಸುತ್ತಿವೆ. ಮೊಣಕೈಯಲ್ಲಿ ಸಾಕಷ್ಟು ಗೆರೆ ಇಲ್ಲದಿದ್ದರೆ ಮಡಚಿದಾಗ ಅದು ನೀರಿನ ಪೈಪಿನಂತೆ ಕುಸಿಯುತ್ತದೆ. ನಿಂತಾಗ ಸುಂದರವಾದ ಮಾಡೆಲ್, ನಗಿಸಿದ ಕೂಡಲೇ ವಿಕಾರವಾಗುವುದನ್ನು ಈ ಕಸುಬಿನವರೆಲ್ಲ ಕಂಡಿದ್ದಾರೆ. ಲೆಬ್ರುನ್ ಬಿಡಿಸಿ ತೋರಿಸಿದ ಜಿಂಕೆಯ ಸ್ನಾಯುಪಾಠ ಈಗ ಮಾಡೆಲರ್‌ಗೆ ಬೇಕಾಗಿದೆ. ಅವನ ಮುಂದಿನ ಕೈ ರಿಗ್ಗರ್‌ನದು: ಒಳಗೆ ಕೀಲು ಕೂರಿಸಿ, ಯಾವ ಕೀಲು ಅಲುಗಿದರೆ ಚರ್ಮದ ಯಾವ ಭಾಗ ಎಷ್ಟು ಎಳೆಯಬೇಕೆಂದು ಹೇಳುವವನು. ಆಮೇಲೆ ಅನಿಮೇಟರ್. ಮಾಡೆಲರ್ ಅವಸರ ಮಾಡಿದರೆ ಬೈಗುಳ ತಿನ್ನುವವನು ಅನಿಮೇಟರ್. ಹೆಸರು ಕೆಡುವುದು ಪಾತ್ರದ್ದು.

ಒಂದು ತಾಂತ್ರಿಕ ಸಂಗತಿಯನ್ನು ಮಾತ್ರ ಬಿಡಿಸಿ ಹೇಳುತ್ತೇನೆ. 1995ರ 'ಟಾಯ್ ಸ್ಟೋರಿ' ಪೂರ್ತಿ ಕಂಪ್ಯೂಟರಿನಲ್ಲಿ ಮಾಡಿದ ಮೊದಲ ಕಥಾಚಿತ್ರ. ಅದರಲ್ಲಿ ವುಡಿ ಎಂಬ ಪಾತ್ರದ ಮುಖವನ್ನು ವಕ್ರ ಮೇಲ್ಮೈಯ ಹಲವು ತುಂಡುಗಳನ್ನು ಜೋಡಿಸಿ ಮಾಡಿದ್ದರು. ರವಿಕೆಗೆ ತುಂಡು ಕತ್ತರಿಸಿ ಹೊಲಿದ ಹಾಗೆ. ಮೈ ಅಲುಗಿದಾಗ ಹೊಲಿಗೆ ಬಾಯಿಬಿಡಬಾರದಲ್ಲ, ಅದನ್ನು ಮರೆಮಾಡಲು ಕಲಾವಿದರು ಕೈಯಾರೆ ಬಹಳ ತಿಣುಕಬೇಕಾಯಿತು. ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲೇ ಬೇರೊಂದು ದಾರಿ ಪ್ರಕಟಿಸಿದ್ದರು: ಒರಟಾದ ಒಂದೇ ಬಲೆ ತೆಗೆದುಕೊಳ್ಳಿ, ಪ್ರತಿ ಚೌಕವನ್ನು ನಾಲ್ಕಾಗಿ ಒಡೆಯಿರಿ, ಬಿಂದುಗಳನ್ನು ನೆರೆಯ ಬಿಂದುಗಳತ್ತ ಸ್ವಲ್ಪ ಸರಿಸಿ, ಮತ್ತೆ ಒಡೆಯಿರಿ. ಒಂದು ನಾಲ್ಕಾಗಿ, ನಾಲ್ಕು ಹದಿನಾರಾಗಿ ಒರಟು ಹೋಗಿ ನುಣುಪು ಬರುತ್ತದೆ. ಹೊಲಿಗೆಯ ಮಾತೇ ಇಲ್ಲ. 1997ರ 'ಗೆರಿಸ್ ಗೇಮ್' ಎಂಬ ಕಿರುಚಿತ್ರದಲ್ಲಿ, ಉದ್ಯಾನದಲ್ಲಿ ತನ್ನೊಡನೆ ತಾನೇ ಚೆಸ್ ಆಡುವ ಮುದುಕ ಗೆರಿಯ ಮುಖ, ಕೈ, ಕೋಟಿಗೆ ಇದನ್ನು ಬಳಸಿದರು. ಒಂಬತ್ತು ವರ್ಷ ಹಿಂದಿನ 'ಟಿನ್ ಟಾಯ್' ಚಿತ್ರದ ಮಗುವನ್ನು ನೋಡಿ ಹೆದರಿದವರೂ ಗೆರಿಯ ಸುಕ್ಕುಗಳನ್ನು ನೋಡಿ ನಕ್ಕರು. ನನಗೆ ಇಲ್ಲಿ ಹಿಡಿಸುವುದು ಇನ್ನೊಂದು ವಿಷಯ. ಕಲಾವಿದನ ಕೈಗೆ ಕೆಲವೇ ಬಿಂದುಗಳು ಉಳಿದವು. ಗೆರೆ ಕಡಿಮೆ ಮಾಡುವ ಲಕ್ಷ್ಮಣ್ ಅವರ ಶಿಸ್ತು ಗಣಿತದ ಬಾಗಿಲಿನಿಂದ ಒಳಗೆ ಬಂತು.

ಮೂರೂ ಕೆಲಸಗಳನ್ನು ನೋಡಿದ್ದಾಯಿತು. ಮೊದಲೇ ಹೇಳಿದ ತಕರಾರಿಗೆ ಈಗ ಬರುತ್ತೇನೆ.

ಗೆರೆ ಸುಳ್ಳು ಹೇಳಬಲ್ಲದು; ಮೂರು ಆಯಾಮದ ಮಾಡೆಲ್‌ಗೆ ಅದು ಕಷ್ಟ. ಮಿಕ್ಕಿಯ ಕಿವಿ ನೋಡಿ. ಅವನು ತಲೆಯನ್ನು ಎತ್ತ ತಿರುಗಿಸಿದರೂ ಕಾಗದದಲ್ಲಿ ಎರಡು ಕಿವಿಗಳೂ ದುಂಡು ದುಂಡಾಗಿ ನಮ್ಮತ್ತಲೇ ಇರುತ್ತವೆ. ಲೋಕದಲ್ಲಿ ಅಂಥ ಕಿವಿ ಇಲ್ಲ. ಅವನನ್ನು ಮೂರು ಆಯಾಮದಲ್ಲಿ ಮಾಡಿ ತಲೆ ತಿರುಗಿಸಿದರೆ ಕಿವಿಯೊಂದು ತೆಳುವಾಗಿ ಮಾಯವಾಗುತ್ತದೆ, ಮಿಕ್ಕಿಯೂ ಅದರ ಜೊತೆಗೆ. ಹಾಗಾಗದಿರಬೇಕಾದರೆ ಕ್ಯಾಮೆರಾ ಎಲ್ಲಿದೆ ಎಂದು ನೋಡಿಕೊಂಡು ಕಿವಿಯನ್ನು ತಲೆಯ ಮೇಲೆ ಸರಿಸುತ್ತ ಹೋಗಬೇಕು. ತೊಗಲುಗೊಂಬೆಯ ಪಕ್ಕಮುಖದಲ್ಲಿ ಪೂರ್ತಿ ಕಾಣುವ ಕಣ್ಣೂ ಇದೇ ಜಾತಿಯ ಸುಳ್ಳು.

ಚಾರ್ಲ್ಸ್ ಶುಲ್ಜ್ 1950ರಿಂದ ಐವತ್ತು ವರ್ಷ ಬರೆದ 'ಪೀನಟ್ಸ್' ಕಾಮಿಕ್ಸ್ ಪಟ್ಟಿಯ ಚಾರ್ಲಿ ಬ್ರೌನ್ ಇನ್ನೂ ಕಠಿಣ. ಅವನ ತಲೆ ಕೆಲವೇ ಕೋನಗಳಿಂದ ಚಾರ್ಲಿಯ ತಲೆ. ಆ ಕೋನಗಳ ನಡುವೆ ಅದು ಯಾರ ತಲೆಯೂ ಅಲ್ಲ. 2015ರ 'ದ ಪೀನಟ್ಸ್ ಮೂವಿ' ಮಾಡಿದ ಬ್ಲೂ ಸ್ಕೈ ಸ್ಟುಡಿಯೊದವರು ಇದನ್ನು ಸರಿಪಡಿಸಲು ಹೋಗಲಿಲ್ಲ, ಒಪ್ಪಿಕೊಂಡರು. ಪಾತ್ರಗಳು ನಯವಾಗಿ ತಿರುಗುವ ಬದಲು ಒಂದು ಕೋನದಿಂದ ಇನ್ನೊಂದಕ್ಕೆ ಹಾರುತ್ತವೆ. ಕಣ್ಣು, ಹುಬ್ಬು, ಬಾಯಿ ಶುಲ್ಜ್ ಪೆನ್ನಿನ ಗೆರೆಗಳಾಗಿಯೇ ದುಂಡು ಮುಖದ ಮೇಲೆ ಕೂತಿವೆ. ಯಂತ್ರ ಸಲೀಸಾಗಿ ಮಾಡುವುದನ್ನು ಮಾಡದಂತೆ ತಡೆಯಲು ಅಷ್ಟು ಜನ ದುಡಿದರು.

ಅದೇ ಹಾದಿಯಲ್ಲಿ ಇನ್ನೂ ಕೆಲವರು ಬಂದರು. ಡಿಸ್ನಿಯ ಹಿರಿಯ ಅನಿಮೇಟರ್ ಗ್ಲೆನ್ ಕೀನ್, 2010ರ 'ಟ್ಯಾಂಗಲ್ಡ್' ಮಾಡುವಾಗ ಕಿರಿಯರ ಕಂಪ್ಯೂಟರ್ ಫ್ರೇಮುಗಳ ಮೇಲೆ ಗೆರೆ ಎಳೆದು ತಿದ್ದುತ್ತಿದ್ದರು. 2012ರ 'ಪೇಪರ್‌ಮ್ಯಾನ್'ನಲ್ಲಿ ಕೈಯಿಂದ ಬರೆದ ಗೆರೆಗಳು ಮೂರು ಆಯಾಮದ ದೇಹಕ್ಕೆ ಅಂಟಿಕೊಂಡೇ ಚಲಿಸಿದವು. ಅದಕ್ಕೆಂದೇ 'ಮಿಯಾಂಡರ್' ಎಂಬ ಸಾಧನ ಮಾಡಿಕೊಂಡಿದ್ದರು. 2018ರ 'ಸ್ಪೈಡರ್-ಮ್ಯಾನ್: ಇನ್‌ಟು ದ ಸ್ಪೈಡರ್-ವರ್ಸ್' ಚಿತ್ರದಲ್ಲಿ ಕಾಡಿನ ನಡುವೆ ಜೋಲಿ ಹೊಡೆಯುವ ದೃಶ್ಯವೊಂದಿದೆ. ಪಳಗಿದ ಪೀಟರ್ ಪ್ರತಿ ಫ್ರೇಮಿನಲ್ಲೂ ಚಲಿಸುತ್ತಾನೆ. ಇನ್ನೂ ಕಲಿಯುತ್ತಿರುವ ಮೈಲ್ಸ್‌ಗೆ ಎರಡು ಫ್ರೇಮಿಗೊಂದು ಭಂಗಿ. ಹುಡುಗನ ತಡವರಿಕೆ ಮಾತಿಲ್ಲದೆ ಕಾಣುತ್ತದೆ. ಅಷ್ಟೊಂದು ಕಂಪ್ಯೂಟರ್ ಶಕ್ತಿ ಇಟ್ಟುಕೊಂಡು ಹಳೆಯ ಕಾಗದದ ಜಿಪುಣತನವನ್ನು ಅಭಿನಯವಾಗಿ ಬಳಸಿದ್ದಾರೆ.

ಪೆನ್ಸಿಲ್‌ನ ಪರವಾದ ನನ್ನ ವಾದಕ್ಕೆ ಎದುರಾದ ಒಂದು ಉದಾಹರಣೆಯನ್ನೂ ಹೇಳಬೇಕು. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೊಡಿಸ್ ನಿರ್ದೇಶನದ 'ಫ್ಲೋ' 2025ರಲ್ಲಿ ಆಸ್ಕರ್ ಪಡೆಯಿತು. ಒಂದೂ ಮಾತಿಲ್ಲದ ಬೆಕ್ಕಿನ ಕಥೆ. ಜಿಲ್ಬಲೊಡಿಸ್ ಸ್ಟೋರಿಬೋರ್ಡ್ ಬರೆಯದೆ, ನೇರವಾಗಿ ಕಂಪ್ಯೂಟರಿನ ಒರಟು ಲೋಕದೊಳಗೆ ಕ್ಯಾಮೆರಾ ಹಿಡಿದು ಅಲೆದು ದೃಶ್ಯಗಳನ್ನು ಹುಡುಕಿದರು. ಪೆನ್ಸಿಲ್ ಇಲ್ಲದೆಯೂ ಆಗುತ್ತದೆ ಎನ್ನುವವರಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ನಾನು ಒಪ್ಪುತ್ತೇನೆ, ಅರ್ಧದಷ್ಟು. ಆ ಬೆಕ್ಕು ನೀರು ಕಂಡು ಮೈ ಹಿಡಿಯಾಗಿಸುವುದನ್ನು ನೋಡಿದರೆ, ಯಾರೋ ಬೆಕ್ಕನ್ನು ಬಹಳ ಹೊತ್ತು ದಿಟ್ಟಿಸಿದ್ದಾರೆ ಎಂದು ಗೊತ್ತಾಗುತ್ತದೆ. ಕಣ್ಣಿನ ಕೆಲಸ ತಪ್ಪಿಲ್ಲ, ಪೆನ್ಸಿಲ್ ಬದಲಾಗಿದೆ.

'ಫ್ಲೋ' ಮಾಡಲು ಬಳಸಿದ ಬ್ಲೆಂಡರ್ ತಂತ್ರಾಂಶಕ್ಕೆ ದುಡ್ಡು ಕೊಡಬೇಕಾಗಿಲ್ಲ. 2002ರಲ್ಲಿ ಬಳಕೆದಾರರೇ ಒಂದು ಲಕ್ಷ ಯೂರೊ ಕೂಡಿಸಿ ಅದನ್ನು ಮುಕ್ತಗೊಳಿಸಿದರು. ಆದ್ದರಿಂದ ಸಾಧಾರಣ ಕಂಪ್ಯೂಟರ್ ಇರುವ ಗದಗಿನ ಹುಡುಗಿಗೂ ಲಾಟ್ವಿಯಾದ ನಿರ್ದೇಶಕನಿಗೂ ಉಪಕರಣ ಒಂದೇ. ಇಲ್ಲಿಂದ ನಮ್ಮ ಊರಿನ ಮಾತು.

ಅನಿಮೇಶನ್, ಗೇಮಿಂಗ್ ಕ್ಷೇತ್ರಕ್ಕೆಂದೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ತಂದದ್ದು ಕರ್ನಾಟಕ, 2012ರಲ್ಲಿ. ಬೆಂಗಳೂರಿನಲ್ಲಿ ಮಾಡೆಲಿಂಗ್, ರಿಗ್ಗಿಂಗ್, ಲೈಟಿಂಗ್ ಬಲ್ಲ ನುರಿತ ಕೈಗಳಿಗೆ ಕೊರತೆಯಿಲ್ಲ. ಆದರೆ ಆ ಕೈಗಳಿಗೆ ಸಿಗುವ ಕೆಲಸದಲ್ಲಿ ಬಹುಪಾಲು ಹೊರಗಿನದು. ಮಾಡೆಲ್ ಶೀಟ್ ಬೇರೆಲ್ಲೋ ತೀರ್ಮಾನವಾಗಿ ಬಂದಿರುತ್ತದೆ. ಸರಪಳಿಯ ಮಧ್ಯದ ಕೊಂಡಿಗಳು ನಮ್ಮವು, ಮೊದಲ ಕೊಂಡಿ ನಮ್ಮದಲ್ಲ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ ನರಸಿಂಹ' 2025ರಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂದು ಚಿತ್ರಮಂದಿರ ತುಂಬಿಸಿತು. ಜನ ನೋಡುವುದಿಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ. ಅಲ್ಲಿನ ನರಸಿಂಹನ ವಿನ್ಯಾಸ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆಭರಣದ ವಿವರ ಹೆಚ್ಚಾಗಿ ಹೊರರೇಖೆ ಮಸುಕಾಗಿದೆ. ಹೀಗೆ ವಾದ ಮಾಡಲು ಸಿಗುವಂಥ ಚಿತ್ರವೊಂದು ನಮ್ಮಲ್ಲಿ ಬಂತಲ್ಲ, ಅದು ಸಂತೋಷ.

ಮೊದಲ ಕೊಂಡಿ ತಯಾರಾಗುವುದು ಇಂಥ ಕಲಾಶಾಲೆಗಳಲ್ಲಿ. ಮೊದಲ ವಾರವೇ ಮಕ್ಕಳನ್ನು ಸಾಫ್ಟ್‌ವೇರ್ ಎದುರು ಕೂರಿಸುವ ಕೋರ್ಸುಗಳು ನಗರದಲ್ಲಿ ಬೇಕಾದಷ್ಟಿವೆ. ಇಲ್ಲಿ ಹಾಗಿಲ್ಲ, ಚಿತ್ರಕಲಾ ವಿಭಾಗ, ಶಿಲ್ಪ ವಿಭಾಗ, ಕಂಪ್ಯೂಟರ್ ಕೋಣೆ ಒಂದೇ ಅಂಗಳದ ಸುತ್ತ ಇವೆ. ಹಾಗಾಗಿ ಪ್ರಾಂಶುಪಾಲರಿಗೆ ಒಂದು ಸಲಹೆ ಕೊಟ್ಟು ಮಾತು ಮುಗಿಸುತ್ತೇನೆ. ಪ್ರತಿ ವರ್ಷ ಈ ಉಪನ್ಯಾಸದ ಮಾರನೆಯ ದಿನ ಒಂದು ಕಾರ್ಯಾಗಾರ ಇಡಿ. ಚಿತ್ರಕಲೆಯ ವಿದ್ಯಾರ್ಥಿ ತಾನು ಕಂಡ ಒಬ್ಬ ಮನುಷ್ಯನಿಂದ ಪಾತ್ರವೊಂದನ್ನು ಮಾಡಿ ಮಾಡೆಲ್ ಶೀಟ್ ಬರೆಯಲಿ. ಶಿಲ್ಪದ ವಿದ್ಯಾರ್ಥಿ ಅವನನ್ನು ಒಂದು ಮಾತೂ ಕೇಳದೆ, ಹಾಳೆ ಮಾತ್ರ ನೋಡಿ ಜೇಡಿಮಣ್ಣಿನಲ್ಲಿ ಮಾಡಲಿ. ಮೂರನೆಯವಳು ಆ ಮಣ್ಣನ್ನು ನೋಡಿ ಬ್ಲೆಂಡರ್‌ನಲ್ಲಿ ಕಟ್ಟಿ, ಹತ್ತು ಹೆಜ್ಜೆ ನಡೆಸಲಿ. ಆಮೇಲೆ ಮೂವರನ್ನೂ ಒಂದೇ ಮೇಜಿಗೆ ಕೂರಿಸಿ. "ನಾನು ಬರೆದದ್ದು ಹೀಗಲ್ಲ" ಎಂದು ಜಗಳ ಖಂಡಿತ ಆಗುತ್ತದೆ. ವೇಳಾಪಟ್ಟಿಯಲ್ಲಿ ಅದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಇಟ್ಟುಕೊಳ್ಳಿ. ಊಟದ ನಂತರ ಬೇಡ, ನಿದ್ದೆ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಆ ಜಗಳದಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ.